ಬೀಳುವುದೇ ಮೊದಲ ಪಾಠ: ಜೂಡೊ ಕಲಿಯೋದು ಹೇಗೆ, ನೋಡೋದು ಹೇಗೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಕೇಳಿದ್ದೀರಲ್ಲ. ಜೂಡೊದಲ್ಲಿ ಈ ವಾದ ನಡೆಯುವುದಿಲ್ಲ. ಅಲ್ಲಿ ಮೀಸೆ ಯಾರಿಗೂ ಬೇಡ, ಬೆನ್ನು ಬೇಕು. ಬಿದ್ದವನ ಬೆನ್ನು ಮ್ಯಾಟಿಗೆ ಎಷ್ಟು ತಾಗಿತು, ಎಷ್ಟು ಜೋರಾಗಿ ತಾಗಿತು ಅನ್ನುವುದರ ಮೇಲೆ ಆಟ ನಿಂತಿದೆ.

ಒಲಿಂಪಿಕ್ಸ್ ಬಂದಾಗ ಟಿವಿಯಲ್ಲಿ ಜೂಡೊ ನೋಡಿ, "ಇಬ್ಬರೂ ಬಟ್ಟೆ ಹಿಡಿದು ಎಳೆದಾಡ್ತಾರೆ, ಒಬ್ಬ ಬೀಳ್ತಾನೆ, ರೆಫರಿ ಕೈ ಎತ್ತುತ್ತಾನೆ, ಏನೂ ಗೊತ್ತಾಗಲ್ಲ" ಅನ್ನುವವರೇ ಜಾಸ್ತಿ. ನಾನೂ ಹಾಗೇ ಇದ್ದೆ. ಮೂವತ್ತು ದಾಟಿದ ಮೇಲೆ ಒಂದು ಕ್ಲಾಸಿಗೆ ಸೇರಿದೆ. ಮೊದಲ ದಿನವೇ ಯಾರನ್ನಾದರೂ ಎತ್ತಿ ಒಗೆಯುತ್ತೇನೆ ಅಂದುಕೊಂಡಿದ್ದೆ. ಮೂರು ವಾರ ನನ್ನ ಕೈಯಲ್ಲಿ ಮಾಡಿಸಿದ್ದು ಒಂದೇ ಕೆಲಸ: ಬೀಳು, ಏಳು, ಮತ್ತೆ ಬೀಳು.

ಆಗ ಬೇಜಾರಾಗಿತ್ತು. ಈಗ ನೋಡಿದರೆ ಜೂಡೊ ಅರ್ಥವಾಗಬೇಕಾದರೆ ಆ ಕಡೆಯಿಂದಲೇ ಬರಬೇಕು. ಪಟ್ಟು ಅಂದರೆ ಬೀಳಿಸುವ ದಾರಿ. ನಿಯಮ ಅಂದರೆ ಬಿದ್ದದ್ದಕ್ಕೆ ಬೆಲೆ ಕಟ್ಟುವ ಲೆಕ್ಕ. ಆದ್ದರಿಂದ ಮೊದಲು ಬೀಳೋಣ.

ಉಕೆಮಿ

ಬೀಳುವ ವಿದ್ಯೆಗೆ ಜಪಾನಿ ಭಾಷೆಯಲ್ಲಿ ಉಕೆಮಿ ಅಂತ ಹೆಸರು. ಹಿಂದಕ್ಕೆ ಬೀಳುವುದು, ಮಗ್ಗುಲಿಗೆ ಬೀಳುವುದು, ಮುಂದಕ್ಕೆ ಬೀಳುವುದು, ಮುಂದೆ ಉರುಳಿ ಏಳುವುದು, ಹೀಗೆ ನಾಲ್ಕು ಬಗೆ ಕಲಿಸುತ್ತಾರೆ.

ಹಿಂದಕ್ಕೆ ಬೀಳುವುದನ್ನು ಹತ್ತಿರದಿಂದ ನೋಡಿ. ಮೊದಲು ಕುಕ್ಕರಗಾಲಲ್ಲಿ ಕೂರಬೇಕು. ಗದ್ದ ಎದೆಗೆ ಒತ್ತಬೇಕು. ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲೆ. ಹಾಗೇ ಹಿಂದಕ್ಕೆ ಉರುಳಬೇಕು. ಬೆನ್ನು ತಾಗುವ ಹೊತ್ತಿಗೆ ಎರಡೂ ಕೈಯನ್ನು ಭುಜದಿಂದ ಅಂಗೈವರೆಗೆ ಒಟ್ಟಿಗೆ ಮ್ಯಾಟಿಗೆ ಬಡಿಯಬೇಕು. ಕೈ ಮೈಯಿಂದ ಸ್ವಲ್ಪ ಮಾತ್ರ ದೂರ ಇರಬೇಕು, ರೆಕ್ಕೆ ಬಿಚ್ಚಿದ ಹಾಗೆ ಪೂರ್ತಿ ಅಗಲಿಸಬಾರದು. ಉಸಿರು ಹೊರಗೆ ಬಿಡಬೇಕು. ತಲೆ ನೆಲಕ್ಕೆ ತಾಗಲೇಬಾರದು.

ಕೈ ಬಡಿದಾಗ 'ಪಟಾರ್' ಅಂತ ಸದ್ದು ಬರುತ್ತದೆ. ಹೊಸಬರು ಆ ಸದ್ದೇ ಮುಖ್ಯ ಅಂದುಕೊಳ್ಳುತ್ತಾರೆ. ಬಿದ್ದ ಪೆಟ್ಟು ಒಂದೇ ಕಡೆ ಕೂರದೆ ಅಗಲಕ್ಕೆ ಹಂಚಿಹೋಗುತ್ತದೆ, ಅದು ನಿಜ. ಆದರೆ ನನ್ನ ಪ್ರಕಾರ ದೊಡ್ಡ ಲಾಭ ಬೇರೆ. ಕೈಗೆ ಬಡಿಯುವ ಕೆಲಸ ಕೊಟ್ಟುಬಿಟ್ಟರೆ ಅದು ಇನ್ನೊಂದು ಕೆಲಸಕ್ಕೆ ಹೋಗುವುದಿಲ್ಲ. ಆ ಇನ್ನೊಂದು ಕೆಲಸ ಅಂದರೆ, ಬೀಳುವಾಗ ಹಿಂದೆ ಕೈ ಊರುವುದು. ಮನುಷ್ಯನಿಗೆ ಇದು ಹುಟ್ಟಿನಿಂದ ಬಂದ ಚಾಳಿ. ಮಣಿಕಟ್ಟು, ಮೊಣಕೈ ಉಳುಕುವುದು, ಮುರಿಯುವುದು ಹೀಗೆಯೇ.

ನನಗೂ ಆಯಿತು. ಒಂದು ದಿನ ಕ್ಲಾಸ್ ಮುಗಿದ ಮೇಲೆ ಗೆಳೆಯನ ಜೊತೆ ಸುಮ್ನೆ ತಮಾಷೆಗೆ ಎಳೆದಾಡುತ್ತಿದ್ದೆ. ಅವನು ಕಾಲು ತಗುಲಿಸಿದ. ನಾನು ಕೈ ಊರಿದೆ. ಮಣಿಕಟ್ಟು ರಾತ್ರಿಯೊಳಗೆ ಊದಿಕೊಂಡಿತು, ಎರಡು ವಾರ ಚಪಾತಿ ಹಿಟ್ಟು ನಾದಲು ಆಗಲಿಲ್ಲ. ಸಾವಿರ ಸಲ ಕೈ ಬಡಿಸುವುದು ಏಕೆ ಅಂತ ಆಮೇಲೆ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ.

ಹತ್ತಕ್ಕೆ ಏಳು

ಜೂಡೊ ಕಟ್ಟಿದವರು ಜಿಗೊರೊ ಕಾನೊ. ಹುಟ್ಟಿದ್ದು 1860ರಲ್ಲಿ, ಈಗಿನ ಕೋಬೆ ನಗರಕ್ಕೆ ಸೇರಿದ ಮಿಕಾಗೆ ಊರಲ್ಲಿ. ಸಣ್ಣ ಮೈಕಟ್ಟಿನ ಹುಡುಗ, ಓದಿನಲ್ಲಿ ಚುರುಕು, ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ. ಅದಕ್ಕಾಗಿಯೇ ಜುಜುತ್ಸು ಅನ್ನುವ ಜಪಾನಿನ ಹಳೇ ಕಾದಾಟದ ವಿದ್ಯೆ ಕಲಿಯಲು ಹೊರಟರು. ಸಮುರಾಯ್‌ಗಳ ಕಾಲ ಮುಗಿದು, ಜುಜುತ್ಸು ಹಳೇ ಸಾಮಾನು ಅಂತ ಜನ ಮೂಲೆಗೆ ಹಾಕುತ್ತಿದ್ದ ದಿನಗಳು ಅವು. ಕಾನೊ ಎರಡು ಬೇರೆ ಬೇರೆ ಪರಂಪರೆಯ ಗುರುಗಳ ಹತ್ತಿರ ಕಲಿತರು. ಒಂದರಲ್ಲಿ ಹಿಡಿತ, ಕತ್ತು ಅಮುಕುವುದು ಜಾಸ್ತಿ. ಇನ್ನೊಂದರಲ್ಲಿ ಎಸೆತ ಜಾಸ್ತಿ. ಎರಡನ್ನೂ ಸೇರಿಸಿ, ಪ್ರಾಣಕ್ಕೆ ಅಪಾಯ ತರುವ ಪಟ್ಟುಗಳನ್ನು ಅಭ್ಯಾಸದಿಂದ ಬೇರ್ಪಡಿಸಿ, 1882ರಲ್ಲಿ ಟೋಕಿಯೊದ ಏಶೋಜಿ ಅನ್ನುವ ಬೌದ್ಧ ದೇವಸ್ಥಾನದಲ್ಲಿ ತಮ್ಮದೇ ಶಾಲೆ ತೆರೆದರು. ಹೆಸರು ಕೊಡೊಕಾನ್. ಹನ್ನೆರಡು ಚಾಪೆಯಷ್ಟು ಜಾಗ, ಒಂಬತ್ತು ಶಿಷ್ಯರು. ಕಾನೊಗೆ ಆಗ ವಯಸ್ಸು 21.

'ಜೂ' ಅಂದರೆ ಮೆದು, ಬಗ್ಗುವ ಗುಣ. 'ಡೊ' ಅಂದರೆ ದಾರಿ. ಇದನ್ನು ಕಾನೊ ಒಂದು ಲೆಕ್ಕದ ಮೂಲಕ ಹೇಳುತ್ತಿದ್ದರು. ಎದುರಾಳಿಯ ಬಲ ಹತ್ತು, ನನ್ನ ಬಲ ಏಳು ಅಂದುಕೊಳ್ಳಿ. ಅವನು ತಳ್ಳಿದಾಗ ನಾನು ಎದುರು ತಳ್ಳಿದರೆ ಸೋಲು ನನ್ನದೇ. ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದರೆ? ತಡೆ ಸಿಗದೆ ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆ ಒಂದು ಗಳಿಗೆಯಲ್ಲಿ ಅವನ ಹತ್ತು ಮೂರಕ್ಕೆ ಇಳಿಯುತ್ತದೆ. ನಾನು ನೆಟ್ಟಗೆ ನಿಂತಿರುವುದರಿಂದ ನನ್ನ ಏಳು ಏಳಾಗಿಯೇ ಇರುತ್ತದೆ. ಅದರಲ್ಲಿ ಅರ್ಧ ಖರ್ಚು ಮಾಡಿದರೆ ಸಾಕು.

ಸಂತೆಯಲ್ಲಿ ಹಗ್ಗ ಜಗ್ಗುವಾಗ ಒಂದು ಕಡೆಯವರು ಹಗ್ಗ ಬಿಟ್ಟುಬಿಟ್ಟರೆ ಇನ್ನೊಂದು ಕಡೆಯವರು ಸಾಲಾಗಿ ಅಂಗಾತ ಬೀಳುತ್ತಾರಲ್ಲ, ಅಷ್ಟೇ ವಿಷಯ.

ಈ ಸಮತೋಲ ತಪ್ಪಿಸುವ ಕೆಲಸಕ್ಕೆ ಕುಜುಷಿ ಅನ್ನುತ್ತಾರೆ. ಮುಂದೆ, ಹಿಂದೆ, ಎಡ, ಬಲ, ನಾಲ್ಕು ಮೂಲೆ, ಒಟ್ಟು ಎಂಟು ದಿಕ್ಕಿಗೆ ಮನುಷ್ಯನನ್ನು ವಾಲಿಸಬಹುದು. ವಾಲಿಸಿದ ಮೇಲೆ ನಿಮ್ಮ ಮೈಯನ್ನು ಸರಿಯಾದ ಜಾಗಕ್ಕೆ ತಂದು ಹೊಂದಿಸುವುದು ತ್ಸುಕುರಿ. ಕೊನೆಗೆ ಎಸೆಯುವುದು ಕಾಕೆ. ಟಿವಿಯಲ್ಲಿ ನಮಗೆ ಕಾಣುವುದು ಕಾಕೆ ಮಾತ್ರ. ಗೆಲುವು ತೀರ್ಮಾನ ಆಗುವುದು ಕುಜುಷಿಯಲ್ಲಿ. ವಾಲದ ಮನುಷ್ಯನನ್ನು ಎತ್ತಲು ಹೋದರೆ ಅದು ಜೂಡೊ ಅಲ್ಲ, ಅಕ್ಕಿ ಮೂಟೆ ಹೊರುವ ಕೆಲಸ.

ವಾಲಿಸಬೇಕಾದರೆ ಹಿಡಿಯಬೇಕು. ಅದಕ್ಕೇ ಆ ದಪ್ಪ ಬಟ್ಟೆ. ಜೂಡೋಗಿ ಅಂತ ಕರೆಯುವ ಈ ಹತ್ತಿ ಅಂಗಿಯನ್ನು ಎಳೆದರೂ ಹರಿಯದ ಹಾಗೆ ನೇಯ್ದಿರುತ್ತಾರೆ. ಬಲಗೈ ಆಟಗಾರರ ಸಾಮಾನ್ಯ ಹಿಡಿತ ಹೀಗೆ: ಎಡಗೈಯಲ್ಲಿ ಎದುರಾಳಿಯ ಬಲ ತೋಳು, ಮೊಣಕೈ ಹತ್ತಿರ. ಬಲಗೈಯಲ್ಲಿ ಅವನ ಎಡ ಕೊರಳಪಟ್ಟಿ, ಎದೆಯ ಮಟ್ಟದಲ್ಲಿ. ತೋಳಿನ ಕೈ ಎಳೆಯುವ ಕೈ. ಪಟ್ಟಿಯ ಕೈ ಎತ್ತುವ, ತಿರುಗಿಸುವ ಕೈ. ಕಾರಿನ ಸ್ಟೀರಿಂಗ್ ಇದ್ದ ಹಾಗೆ. ಪಂದ್ಯದ ಅರ್ಧ ಹೊತ್ತು ಇಬ್ಬರೂ ಬೆಕ್ಕಿನ ಹಾಗೆ ಕೈ ಕೈ ಹೊಡೆದುಕೊಳ್ಳುವುದು ಈ ಹಿಡಿತಕ್ಕಾಗಿಯೇ. ಒಬ್ಬನಿಗೆ ತನಗೆ ಬೇಕಾದ ಎರಡೂ ಹಿಡಿತ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ ಅಂದರೆ, ಎಸೆತ ಬರುವ ಮೊದಲೇ ಪಂದ್ಯ ಒಂದು ಕಡೆ ವಾಲಿದೆ ಅಂತ ಅರ್ಥ.

ಒಂದು ಪಟ್ಟು, ಬಿಡಿಸಿ ನೋಡಿದರೆ

ಓಸೊತೊ ಗಾರಿ ಅನ್ನುವ ಪಟ್ಟನ್ನು ಹೆಚ್ಚಿನ ಕಡೆ ಮೊದಮೊದಲೇ ಕಲಿಸುತ್ತಾರೆ. ಹೊರಗಿನಿಂದ ಕಾಲು ಕೊಯ್ಯುವುದು ಅಂತ ಅರ್ಥ ಮಾಡಿಕೊಳ್ಳಬಹುದು. 'ಗಾರಿ' ಅಂದರೆ ಕುಡುಗೋಲಲ್ಲಿ ಪೈರು ಕೊಯ್ಯುವುದು.

ಹಿಡಿತ ಮೇಲೆ ಹೇಳಿದ ಹಾಗೆ. ನಿಮ್ಮ ಎಡಗಾಲನ್ನು ಎದುರಾಳಿಯ ಬಲಗಾಲಿನ ಪಕ್ಕಕ್ಕೆ, ಹೊರಗಡೆ ಇಡಿ. ಇಡುವಾಗಲೇ ಅವನ ತೋಳನ್ನು ನಿಮ್ಮ ಸೊಂಟದ ಕಡೆಗೆ ಎಳೆಯಿರಿ. ಪಟ್ಟಿಯ ಕೈಯಿಂದ ಅವನ ಎದೆಯನ್ನು ಹಿಂದಕ್ಕೆ ಒತ್ತಿ. ಎದೆಗೆ ಎದೆ ಅಂಟಬೇಕು. ಈಗ ಅವನ ಭಾರ ಪೂರ್ತಿ ಬಲ ಹಿಮ್ಮಡಿಯ ಮೇಲೆ ಕೂತಿದೆ. ಆ ಕಾಲನ್ನು ಅವನು ಎತ್ತಲಾರ, ಎತ್ತಿದರೆ ತಾನೇ ಬೀಳುತ್ತಾನೆ. ನಿಮ್ಮ ಬಲಗಾಲನ್ನು ಅವನ ಕಾಲಿನ ಆಚೆಗೆ ಮುಂದಕ್ಕೆ ಬೀಸಿ, ಅದೇ ಓಟದಲ್ಲಿ ಹಿಂದಕ್ಕೆ ಕೊಯ್ಯಿರಿ. ನಿಮ್ಮ ತೊಡೆಯ ಹಿಂಭಾಗ ಅವನ ತೊಡೆಯ ಹಿಂಭಾಗಕ್ಕೆ ಬಡಿಯಬೇಕು. ತಲೆ ಬಗ್ಗಿಸಿ, ದೇವರಿಗೆ ನಮಸ್ಕಾರ ಮಾಡಿದ ಹಾಗೆ ಮುಂದಕ್ಕೆ ಬಾಗಿ.

ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಎದುರಾಳಿ ವಾಲುವ ಮೊದಲೇ ಕಾಲು ಹಾಕುವುದು. ಆಗ ಒಂಟಿ ಕಾಲಲ್ಲಿ ನಿಂತವರು ನೀವು, ಎರಡು ಕಾಲಲ್ಲಿ ನಿಂತವನು ಅವನು. ಅವನು ಸುಮ್ನೆ ಎದೆ ಮುಂದೆ ಒತ್ತಿ ಅದೇ ಪಟ್ಟನ್ನು ನಿಮಗೆ ತಿರುಗಿ ಹಾಕುತ್ತಾನೆ. ನನ್ನ ಗೆಳೆಯರು ನನ್ನನ್ನು ಅತಿ ಹೆಚ್ಚು ಸಲ ಕೆಡವಿದ್ದು ನಾನೇ ಶುರು ಮಾಡಿದ ಓಸೊತೊ ಗಾರಿಯಲ್ಲಿ.

ಎಸೆದವನು ಇಲ್ಲಿಗೆ ಕೈ ಬಿಡುವುದಿಲ್ಲ. ಬಿದ್ದವನ ತೋಳನ್ನು ಮೇಲಕ್ಕೆ ಎಳೆದು ಹಿಡಿದಿರುತ್ತಾನೆ. ಅದರಿಂದ ಬೀಳುವವನ ತಲೆ ನೆಲಕ್ಕೆ ಹೋಗದೆ ಬೆನ್ನು ಮೊದಲು ತಾಗುತ್ತದೆ. ಇದು ದಯೆಯೂ ಹೌದು, ಲೆಕ್ಕವೂ ಹೌದು. ಕೊನೆಯವರೆಗೆ ಹಿಡಿತ ಇಲ್ಲದ ಎಸೆತಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ.

ಕೊಡೊಕಾನ್ ಒಪ್ಪಿದ ಪಟ್ಟಿಯಲ್ಲಿ ಎಸೆತಗಳೇ 68 ಇವೆ, ನೆಲದ ಪಟ್ಟುಗಳು 32. ಎಲ್ಲವನ್ನೂ ಯಾರೂ ಪಂದ್ಯದಲ್ಲಿ ಬಳಸುವುದಿಲ್ಲ. ಒಬ್ಬ ಒಳ್ಳೆಯ ಆಟಗಾರನಿಗೆ ನಿಜವಾಗಿ ಕೈಗೆ ಹತ್ತಿದ ಪಟ್ಟು ಎರಡೋ ಮೂರೋ ಇರುತ್ತವೆ, ಮಿಕ್ಕವು ಆ ಎರಡಕ್ಕೆ ದಾರಿ ಮಾಡಿಕೊಡುವ ನಾಟಕ. ಕೆಲವನ್ನು ಗುರುತು ಹಿಡಿಯಲು ಕಲಿತರೆ ಟಿವಿ ನೋಡಲು ಸಾಕು. ಇಪ್ಪೋನ್ ಸೆಯೊಯಿ ನಾಗೆಯಲ್ಲಿ ಎದುರಾಳಿಯ ಒಂದು ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಮುಂದಕ್ಕೆ ಒಗೆಯುತ್ತಾರೆ. ನಮ್ಮ ಗರಡಿಯ ಪೈಲ್ವಾನರಿಗೆ ಇದು ಹೊಸದಲ್ಲ, ಕುಸ್ತಿಯ ಧೋಬಿ ಪಛಾಡ್ ಇದರ ಅಣ್ಣನೋ ತಮ್ಮನೋ ಆಗಬೇಕು. ಉಚಿ ಮಾತಾ ಅಂದರೆ ಬೆನ್ನು ಕೊಟ್ಟು ತಿರುಗಿ, ಎದುರಾಳಿಯ ಎರಡು ತೊಡೆಗಳ ನಡುವೆ ಕಾಲು ಬೀಸಿ ಮೇಲಕ್ಕೆ ಎತ್ತುವುದು. ಮೇಲ್ಮಟ್ಟದ ಪಂದ್ಯಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೀರಿ. ದೆಆಶಿ ಬರಾಯಿ ಪೊರಕೆಯಲ್ಲಿ ಗುಡಿಸಿದ ಹಾಗೆ. ಎದುರಾಳಿ ಹೆಜ್ಜೆ ಇಡುವಾಗ, ಭಾರ ಇನ್ನೂ ಆ ಕಾಲಿಗೆ ಬೀಳುವ ಮೊದಲು, ಅಂಗಾಲಿನಿಂದ ಅದನ್ನು ಗುಡಿಸಿಬಿಡುವುದು. ಬಲವೇ ಬೇಡ, ಸಮಯ ಬೇಕು. ಬಾಳೆಹಣ್ಣಿನ ಸಿಪ್ಪೆ ತುಳಿದವನ ಹಾಗೆ ಬೀಳುತ್ತಾರೆ. ಇನ್ನು ತೊಮೊಯೆ ನಾಗೆಯಲ್ಲಿ ನೀವೇ ಮೊದಲು ಅಂಗಾತ ಮಲಗಿ, ಎದುರಾಳಿಯ ಹೊಟ್ಟೆಗೆ ಪಾದ ಕೊಟ್ಟು ತಲೆಯ ಮೇಲಿಂದ ಆಚೆಗೆ ದಾಟಿಸುತ್ತೀರಿ. ಗೆಲ್ಲಲು ತಾನೇ ಬೀಳುವ ಪಟ್ಟು ಇದು.

ನೆಲದ ಮೇಲೆ

ಎಸೆತಕ್ಕೆ ಪೂರ್ತಿ ಅಂಕ ಸಿಗದಿದ್ದರೆ ಆಟ ನೆಲದಲ್ಲಿ ಮುಂದುವರಿಯುತ್ತದೆ. ಇಲ್ಲಿ ಮೂರು ದಾರಿ.

ಮೊದಲನೆಯದು ಒತ್ತಿ ಹಿಡಿಯುವುದು. ಎದುರಾಳಿ ಅಂಗಾತ ಇರಬೇಕು, ನೀವು ಮೇಲಿರಬೇಕು, ನಿಮ್ಮ ಕಾಲು ಅವನ ಕಾಲುಗಳ ಹಿಡಿತದಲ್ಲಿ ಇರಬಾರದು. ಕೆಳಗಿನವನು ತನ್ನ ಕಾಲಿನಿಂದ ನಿಮ್ಮ ಕಾಲನ್ನು ಬಳ್ಳಿಯ ಹಾಗೆ ಸುತ್ತಿಕೊಂಡರೆ ಹಿಡಿತ ಮುರಿಯಿತು ಅಂತ ಲೆಕ್ಕ. ಕೆಸಾ ಗಾತಾಮೆ ಎಲ್ಲರೂ ಮೊದಲು ಕಲಿಯುವ ಹಿಡಿತ. ಎದುರಾಳಿಯ ಕತ್ತಿನ ಸುತ್ತ ಒಂದು ಕೈ, ಅವನ ತೋಳು ನಿಮ್ಮ ಕಂಕುಳಲ್ಲಿ, ನಿಮ್ಮ ಪಕ್ಕೆಲುಬು ಅವನ ಎದೆಯ ಮೇಲೆ.

ಎರಡನೆಯದು ಕತ್ತು ಅಮುಕುವುದು. ಅಂಗಿಯ ಪಟ್ಟಿಯಿಂದಲೋ ತೋಳಿನಿಂದಲೋ ಕತ್ತಿನ ಎರಡೂ ಪಕ್ಕದ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಕಣ್ಣು ಕತ್ತಲೆ ಬರುತ್ತದೆ. ಮೂರನೆಯದು ಕೀಲು ತಿರುಚುವುದು, ಪಂದ್ಯದಲ್ಲಿ ಮೊಣಕೈ ಒಂದಕ್ಕೇ ಅನುಮತಿ. ಭುಜ, ಮಂಡಿ, ಬೆರಳು ಮುಟ್ಟುವಂತಿಲ್ಲ. ಚಿಕ್ಕ ಮಕ್ಕಳಿಗೆ ಇವೆರಡನ್ನೂ ಹೆಚ್ಚಿನ ಕಡೆ ಕಲಿಸುವುದಿಲ್ಲ, ಕಲಿಸಲೂಬಾರದು.

ತಡೆಯಲು ಆಗಲಿಲ್ಲ ಅಂದರೆ ಎದುರಾಳಿಯ ಮೈಗೋ ಮ್ಯಾಟಿಗೋ ಎರಡು ಸಲ ತಟ್ಟಬೇಕು. ಕೈ ಸಿಕ್ಕಿಬಿದ್ದಿದ್ದರೆ ಕಾಲಲ್ಲಿ ತಟ್ಟಬಹುದು, ಬಾಯಲ್ಲಿ 'ಮಾಯಿತ್ತಾ' ಅನ್ನಬಹುದು. ಸೋತೆ ಅಂತ ಅರ್ಥ. ತಟ್ಟಿದ ತಕ್ಷಣ ಬಿಡಬೇಕು, ಅರ್ಧ ಸೆಕೆಂಡ್ ಕೂಡ ತಡ ಮಾಡುವಂತಿಲ್ಲ. ಕ್ಲಾಸಿನಲ್ಲಿ ತಟ್ಟಲು ನಾಚಿಕೊಳ್ಳುವವರನ್ನು ನೋಡಿದ್ದೇನೆ. ಅವರ ಮೊಣಕೈ ಜಾಸ್ತಿ ದಿನ ಬಾಳುವುದಿಲ್ಲ.

ಕ್ಲಾಸಿನಲ್ಲಿ ನಡೆಯುವುದು

ಒಳಗೆ ಬರುವಾಗ ಬಾಗಿ ನಮಸ್ಕಾರ. ಮೈ ಬಿಸಿ ಮಾಡುವುದು, ಉಕೆಮಿ, ಸೀಗಡಿಯ ಹಾಗೆ ಮೈ ಮಡಚಿ ನೆಲದಲ್ಲಿ ಸರಿಯುವುದು. ಆಮೇಲೆ ಉಚಿಕೋಮಿ. ಜೋಡಿಯಾಗಿ ನಿಂತು ಒಂದೇ ಪಟ್ಟಿನ ಒಳಗೆ ಹೋಗುವುದು, ಎಸೆಯದೆ ವಾಪಸ್ ಬರುವುದು, ಮತ್ತೆ ಹೋಗುವುದು. ಹತ್ತು, ಇಪ್ಪತ್ತು, ನೂರು. ಸಂಗೀತದವರು ಸರಳೆ ವರಸೆ ತಿದ್ದಿದ ಹಾಗೆ. ನೋಡುವವರಿಗೆ ನಿದ್ದೆ ಬರುತ್ತದೆ. ಆದರೆ ಕಾಲು ತಾನಾಗಿ ಜಾಗಕ್ಕೆ ಬಂದು ನಿಲ್ಲುವುದು ಇದರಿಂದಲೇ.

ಕೊನೆಗೆ ರಾಂದೊರಿ, ಅಂದರೆ ಬಿಟ್ಟು ಆಡುವುದು. ಇಬ್ಬರೂ ನಿಜವಾಗಿ ಎಸೆಯಲು ನೋಡುತ್ತಾರೆ, ಅಂಕ ಯಾರೂ ಬರೆಯುವುದಿಲ್ಲ. ಕಾನೊ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಇದೇ. ಅಪಾಯದ ಪಟ್ಟುಗಳನ್ನು ತೆಗೆದ ಕಾರಣ ಮಿಕ್ಕ ಪಟ್ಟುಗಳನ್ನು ಪೂರ್ತಿ ಬಲ ಹಾಕಿ, ಒಪ್ಪದ ಎದುರಾಳಿಯ ಮೇಲೆ, ದಿನಾ ಅಭ್ಯಾಸ ಮಾಡಲು ಆಯಿತು. ಕಣ್ಣಿಗೆ ಬೆರಳು ಹಾಕುವ ವಿದ್ಯೆಯನ್ನು ಯಾರ ಮೇಲೂ ಅಭ್ಯಾಸ ಮಾಡಲು ಆಗಲ್ಲ, ಅಲ್ವಾ?

ಅಂಗಾತ, ಮಗ್ಗುಲು, ಬೋರಲು

ಈಗ ಪಂದ್ಯ. ಆಡುವ ಜಾಗ ಎಂಟರಿಂದ ಹತ್ತು ಮೀಟರಿನ ಚೌಕ, ಸುತ್ತ ಸುರಕ್ಷತೆಗೆ ಬೇರೆ ಬಣ್ಣದ ಮ್ಯಾಟ್. ಒಬ್ಬರಿಗೆ ಬಿಳಿ ಅಂಗಿ, ಇನ್ನೊಬ್ಬರಿಗೆ ನೀಲಿ. ದೊಡ್ಡವರ ಪಂದ್ಯ ಗಂಡಸರಿಗೂ ಹೆಂಗಸರಿಗೂ ನಾಲ್ಕು ನಿಮಿಷ. ರೆಫರಿ 'ಹಜಿಮೆ' ಅಂದರೆ ಶುರು, 'ಮಾತ್ತೆ' ಅಂದರೆ ನಿಲ್ಲಿಸಿ, 'ಸೊರೆಮಾದೆ' ಅಂದರೆ ಮುಗಿಯಿತು.

ಅಂಕಕ್ಕೆ ಕನ್ನಡದಲ್ಲೇ ಒಳ್ಳೆಯ ಪದಗಳಿವೆ. ಅಂಗಾತ ಬಿದ್ದರೆ ದೊಡ್ಡ ಅಂಕ. ಮಗ್ಗುಲಿಗೆ ಬಿದ್ದರೆ ಸಣ್ಣ ಅಂಕ. ಬೋರಲು ಬಿದ್ದರೆ ಸೊನ್ನೆ. ಅದಕ್ಕೇ ಗಾಳಿಯಲ್ಲಿರುವಾಗಲೇ ಆಟಗಾರರು ಬೆಕ್ಕಿನ ಹಾಗೆ ತಿರುಗಿ ಹೊಟ್ಟೆ ಮೇಲೆ ಬೀಳಲು ಒದ್ದಾಡುತ್ತಾರೆ.

ಇಪ್ಪೋನ್ ಅಂದರೆ ಪೂರ್ತಿ ಅಂಕ, ಅಲ್ಲಿಗೇ ಆಟ ಮುಗಿಯಿತು. ಅದಕ್ಕೆ ನಾಲ್ಕು ಕೂಡಿಬರಬೇಕು: ಬೆನ್ನು ನೆಲಕ್ಕೆ, ವೇಗ, ಜೋರು, ಕೊನೆವರೆಗೆ ಹಿಡಿತ. ರೆಫರಿ ಕೈಯನ್ನು ನೆಟ್ಟಗೆ ಆಕಾಶಕ್ಕೆ ಎತ್ತುತ್ತಾರೆ. ಇದರಲ್ಲಿ ಏನಾದರೂ ಕೊರತೆ ಬಿದ್ದರೆ ವಾಜಾ ಅರಿ, ಕೈ ಭುಜದ ಮಟ್ಟಕ್ಕೆ ಪಕ್ಕಕ್ಕೆ. ಎರಡು ವಾಜಾ ಅರಿ ಸೇರಿದರೆ ಒಂದು ಇಪ್ಪೋನ್. ಅದಕ್ಕಿಂತಲೂ ಕಡಿಮೆ ಅಂದರೆ ಯುಕೊ, ಕೈ ಇನ್ನೂ ಕೆಳಗೆ, ಓರೆಯಾಗಿ. ಯುಕೊ ಎಷ್ಟು ಬಂದರೂ ಸೇರಿ ವಾಜಾ ಅರಿ ಆಗುವುದಿಲ್ಲ. 2017ರಲ್ಲಿ ಯುಕೊ ತೆಗೆದುಹಾಕಿದ್ದರು, 2025ರಲ್ಲಿ ವಾಪಸ್ ತಂದರು. ಹಳೇ ವಿಡಿಯೊ ನೋಡುವಾಗ ಇದು ನೆನಪಿರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ನೆಲದ ಹಿಡಿತಕ್ಕೂ ಇವೇ ಅಂಕ, ಗಡಿಯಾರದ ಲೆಕ್ಕದಲ್ಲಿ. ಐದು ಸೆಕೆಂಡ್ ಹಿಡಿದರೆ ಯುಕೊ, ಹತ್ತಕ್ಕೆ ವಾಜಾ ಅರಿ, ಇಪ್ಪತ್ತಕ್ಕೆ ಇಪ್ಪೋನ್. ತಟ್ಟಿಸಿದರೆ ನೇರ ಇಪ್ಪೋನ್.

ಜೂಡೊ ಅಂಕ ಕ್ರಿಕೆಟ್ ರನ್ನಿನ ಹಾಗೆ ಕಾಪಾಡುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 52 ಕೆ.ಜಿ. ವಿಭಾಗದಲ್ಲಿ ಜಪಾನಿನ ಉತಾ ಅಬೆ ಹಿಂದಿನ ಸಲದ ಚಾಂಪಿಯನ್. ಎರಡನೇ ಸುತ್ತಲ್ಲಿ ಉಜ್ಬೇಕಿಸ್ತಾನದ ದಿಯೊರಾ ಕೆಲ್ದಿಯೊರೊವಾ ಎದುರು ವಾಜಾ ಅರಿ ಪಡೆದು ಮುಂದಿದ್ದರು. ಮುಂದಿನ ಒಂದು ಎಸೆತದಲ್ಲಿ ಕೆಲ್ದಿಯೊರೊವಾ ಇಪ್ಪೋನ್ ಹೊಡೆದರು. ಅಬೆಯ ವಾಜಾ ಅರಿಗೆ ಯಾವ ಬೆಲೆಯೂ ಉಳಿಯಲಿಲ್ಲ. ಮ್ಯಾಟ್ ಇಳಿದು ಅಬೆ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ಇಡೀ ಸಭಾಂಗಣ ಕೇಳಿಸಿಕೊಂಡಿತು. ಕೆಲ್ದಿಯೊರೊವಾ ಚಿನ್ನ ಗೆದ್ದರು.

ನಾಲ್ಕು ನಿಮಿಷದಲ್ಲಿ ಸಮ ಆದರೆ ಗೋಲ್ಡನ್ ಸ್ಕೋರ್. ಇದಕ್ಕೆ ಸಮಯದ ಮಿತಿಯೇ ಇಲ್ಲ. ಮೊದಲ ಅಂಕ ಯಾರಿಗೆ ಬರುತ್ತದೋ ಅವರು ಗೆದ್ದರು.

ತಪ್ಪು, ಶಿಕ್ಷೆ, ಮತ್ತು ಕಾನೊ ಅವರದೇ ಪಟ್ಟು

ಸಣ್ಣ ತಪ್ಪಿಗೆ ಶಿದೊ. ಮೂರು ಶಿದೊ ಆದರೆ ಹನ್ಸೊಕು ಮಾಕೆ, ಅಂದರೆ ಪಂದ್ಯ ಕೈಬಿಟ್ಟಿತು. ಆಡದೆ ಕಾಲ ತಳ್ಳುವುದು, ಎಸೆಯುವ ನಾಟಕ ಮಾಡಿ ಸುಮ್ನೆ ಮಂಡಿ ಊರುವುದು, ಆಡುವ ಚೌಕದ ಆಚೆ ಕಾಲಿಡುವುದು, ಎದುರಾಳಿಯ ಅಂಗಿಯ ತೋಳಿನ ಒಳಗೆ ಬೆರಳು ತೂರಿಸುವುದು, ಇವೆಲ್ಲ ಶಿದೊ ತರುವ ಕೆಲಸ. ಇದರಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ಬೀಳುವ ಭಯಕ್ಕೆ ಆಟ ಆಡದೆ ಇರಬೇಡ. ಆದರೆ ಎಸೆಯುವಾಗ ತಲೆಯನ್ನೇ ನೆಲಕ್ಕೆ ಊರಿ ಹಾರಿದರೆ ನೇರ ಹನ್ಸೊಕು ಮಾಕೆ. ಕತ್ತು ಮುರಿದರೆ ಅದಕ್ಕೆ ಮದ್ದಿಲ್ಲ.

ಕಾಲು ಹಿಡಿಯುವುದರ ಬಗ್ಗೆ ಜೂಡೊ ಜನ ಇವತ್ತಿಗೂ ಜಗಳ ಆಡುತ್ತಾರೆ. 2010ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೈಯಿಂದ ಕಾಲು ಹಿಡಿದು ಎಸೆಯುವುದಕ್ಕೆ ಕಡಿವಾಣ ಬಿತ್ತು, 2013ಕ್ಕೆ ಪೂರ್ತಿ ನಿಂತಿತು. ಎಲ್ಲರೂ ಬಗ್ಗಿ ಬಗ್ಗಿ ಕಾಲಿಗೆ ನುಗ್ಗುತ್ತಿದ್ದಾರೆ, ಕುಸ್ತಿಗೂ ಜೂಡೊಗೂ ವ್ಯತ್ಯಾಸ ಉಳಿದಿಲ್ಲ, ನೆಟ್ಟಗೆ ನಿಂತು ಎಸೆಯುವ ಚಂದ ಹೋಯಿತು ಅನ್ನುವುದು ಕಾರಣ. ಒಪ್ಪಬಹುದಾದ ಮಾತೇ. ಆದರೆ ತಮಾಷೆ ನೋಡಿ. ಯುವಕ ಕಾನೊಗೆ ತನಗಿಂತ ತುಂಬ ದಪ್ಪನೆಯ ಸಹಪಾಠಿಯೊಬ್ಬನನ್ನು ಕೆಡವಲು ಆಗುತ್ತಿರಲಿಲ್ಲ. ಪುಸ್ತಕಗಳಲ್ಲಿ ಹುಡುಕಿ, ಪಾಶ್ಚಾತ್ಯ ಕುಸ್ತಿಯ ಒಂದು ಪಟ್ಟು ಕಂಡು, ಅದನ್ನು ತಿದ್ದಿ ಅವನನ್ನು ಹೆಗಲ ಮೇಲೆ ಹೊತ್ತು ಎಸೆದರು. ಅದೇ ಕಾತಾ ಗುರುಮಾ. ಅದರ ಮೂಲ ರೂಪದಲ್ಲಿ ಒಂದು ಕೈ ಎದುರಾಳಿಯ ತೊಡೆ ಹಿಡಿದಿರುತ್ತದೆ. ಜೂಡೊದ ತಂದೆ ಇವತ್ತು ಬಂದು ತಮ್ಮ ಪಟ್ಟನ್ನು ತಾವೇ ಹಾಕಿದರೆ ರೆಫರಿ ಬೆರಳು ತೋರಿಸಿ ಶಿದೊ ಕೊಡುತ್ತಾರೆ!

ತೂಕದ ವಿಭಾಗ ಒಲಿಂಪಿಕ್ಸ್‌ನಲ್ಲಿ ಏಳು. ಗಂಡಸರಿಗೆ 60 ಕೆ.ಜಿ.ಯಿಂದ ಶುರುವಾಗಿ 100ರ ಮೇಲೆ, ಹೆಂಗಸರಿಗೆ 48ರಿಂದ 78ರ ಮೇಲೆ. ಮೊದಲು ಇಷ್ಟು ಇರಲಿಲ್ಲ. 1964ರಲ್ಲಿ ಟೋಕಿಯೊದಲ್ಲಿ ಜೂಡೊ ಒಲಿಂಪಿಕ್ಸ್‌ಗೆ ಬಂದಾಗ ಗಂಡಸರಿಗೆ ಮೂರು ತೂಕದ ವಿಭಾಗ, ಜೊತೆಗೆ ತೂಕದ ಲೆಕ್ಕವೇ ಇಲ್ಲದ ಓಪನ್ ವಿಭಾಗ ಒಂದು. ಮೊದಲ ಮೂರೂ ಚಿನ್ನ ಜಪಾನಿಗೆ ಬಂತು. ಜನ ಕಾಯುತ್ತಿದ್ದದ್ದು ನಾಲ್ಕನೆಯದಕ್ಕೆ, ತಂತ್ರ ಗೊತ್ತಿದ್ದರೆ ಮೈಗಾತ್ರ ಲೆಕ್ಕಕ್ಕಿಲ್ಲ ಅನ್ನುವುದು ಅಲ್ಲಿ ತಾನೇ ಸಾಬೀತಾಗಬೇಕು. ಜೂಡೊಗಾಗಿಯೇ ಕಟ್ಟಿದ ಬುಡೊಕಾನ್ ಸಭಾಂಗಣ ತುಂಬಿತ್ತು. ಅಕಿಯೊ ಕಾಮಿನಾಗಾ ಎದುರು ನಿಂತವರು ನೆದರ್ಲೆಂಡ್ಸ್‌ನ ಆಂಟನ್ ಹೇಸಿಂಕ್, ಎರಡು ಮೀಟರ್ ಹತ್ತಿರದ ಆಳು. ಒಂಬತ್ತು ನಿಮಿಷ ದಾಟಿದ ಮೇಲೆ ಹೇಸಿಂಕ್ ನೆಲದಲ್ಲಿ ಹಿಡಿದರು. ಯಾವ ಹಿಡಿತ ಗೊತ್ತಾ? ಕೆಸಾ ಗಾತಾಮೆ. ಮಕ್ಕಳು ಮೊದಲು ಕಲಿಯುವುದು. ಆಗ ಇಪ್ಪೋನ್‌ಗೆ ಮೂವತ್ತು ಸೆಕೆಂಡ್ ಬೇಕಿತ್ತು, ಮೂವತ್ತೂ ಮುಗಿಯಿತು. ಡಚ್ ಬೆಂಬಲಿಗರು ಕುಣಿಯುತ್ತಾ ಮ್ಯಾಟಿನ ಕಡೆ ನುಗ್ಗಿದರು. ಇನ್ನೂ ಮೇಲೆದ್ದಿರದ ಹೇಸಿಂಕ್ ಕೈ ಎತ್ತಿ ಅವರನ್ನು ಅಲ್ಲೇ ತಡೆದರು. ಮೊದಲು ಸೋತವನಿಗೆ ಬಾಗಿ ನಮಸ್ಕಾರ, ಆಮೇಲೆ ಕುಣಿತ. ಬಿಳಿ ನೀಲಿ ಅಂಗಿಯ ಯೋಚನೆ ಮುಂದೆ ತಂದವರೂ ಇದೇ ಹೇಸಿಂಕ್.

ನಮ್ಮ ಕಡೆ

ಭಾರತಕ್ಕೆ ಈ ವಿದ್ಯೆ ಹೊಸದಲ್ಲ. 1929ರಲ್ಲಿ ರವೀಂದ್ರನಾಥ ಟ್ಯಾಗೋರರು ಕೊಡೊಕಾನ್‌ನ ಶಿಂಜೊ ತಕಾಗಾಕಿಯನ್ನು ಶಾಂತಿನಿಕೇತನಕ್ಕೆ ಕರೆಸಿ ಹುಡುಗ ಹುಡುಗಿಯರಿಗೆ ಪಾಠ ಹೇಳಿಸಿದ್ದರು. ಈಗ ನಮ್ಮಲ್ಲಿ ಹೆಸರು ಮಾಡಿದವರೆಂದರೆ ಮಣಿಪುರದ ಸುಶೀಲಾ ದೇವಿ, 2014 ಮತ್ತು 2022ರ ಕಾಮನ್‌ವೆಲ್ತ್ ಕೂಟ ಎರಡರಲ್ಲೂ ಬೆಳ್ಳಿ. 2022ರಲ್ಲೇ ತೂಲಿಕಾ ಮಾನ್ ಬೆಳ್ಳಿ, ವಿಜಯ್ ಕುಮಾರ್ ಯಾದವ್ ಕಂಚು. ಕರ್ನಾಟಕದಲ್ಲಿ ಬಳ್ಳಾರಿ ಸೀಮೆಯ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಜೂಡೊ ತರಬೇತಿ ಇದೆ. ದಸರಾ ಕುಸ್ತಿ ನೋಡಿ ಬೆಳೆದವರಿಗೆ ಆಟದ ಮರ್ಮ ಅರ್ಧ ಆಗಲೇ ಗೊತ್ತು. 'ಚಿತ್' ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಧ್ಯಪ್ರದೇಶದ ಕಪಿಲ್ ಪರ್ಮಾರ್ ಕಂಚು ಗೆದ್ದರು, ಜೂಡೊದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪ್ಯಾರಾಲಿಂಪಿಕ್ ಪದಕ ಅದು. ಕಣ್ಣು ಕಾಣದವರ ಜೂಡೊದಲ್ಲಿ ನಿಯಮ ಹೆಚ್ಚುಕಡಿಮೆ ಇದೇ. ಇಬ್ಬರೂ ಪರಸ್ಪರ ಅಂಗಿ ಹಿಡಿದುಕೊಂಡ ಮೇಲೆಯೇ 'ಹಜಿಮೆ' ಅನ್ನುತ್ತಾರೆ, ಅದೊಂದು ಮುಖ್ಯ ಬದಲಾವಣೆ. ಎದುರಾಳಿ ಎತ್ತ ವಾಲುತ್ತಿದ್ದಾನೆ ಅಂತ ಕೈಗೇ ಗೊತ್ತಾಗುತ್ತದೆ. ಕಣ್ಣಿರುವವರೂ ಕೊನೆಗೆ ಕಲಿಯಬೇಕಾದದ್ದು ಅದನ್ನೇ. ನಮ್ಮ ಕ್ಲಾಸಿನಲ್ಲೂ ಒಮ್ಮೊಮ್ಮೆ ಕಣ್ಣು ಮುಚ್ಚಿ ರಾಂದೊರಿ ಮಾಡಿಸುತ್ತಿದ್ದರು. ಕಣ್ಣು ಮುಚ್ಚಿದಾಗ ನಾನು ಇನ್ನೂ ಸ್ವಲ್ಪ ಚೆನ್ನಾಗಿಯೇ ಆಡುತ್ತಿದ್ದೆ.

ಸೇರಬೇಕು ಅನ್ನುವವರಿಗೆ ಒಂದೆರಡು ಮಾತು. ಬೆಲ್ಟ್ ಬಿಳಿಯಿಂದ ಶುರು, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು ದಾಟಿ ಕಪ್ಪು. ಕಪ್ಪು ಬರಲು ವರ್ಷಗಳು ಬೇಕು, ತಿಂಗಳಲ್ಲಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಮೊದಲ ದಿನವೇ ಎಸೆತ ಕಲಿಸುವ ಕಡೆಯೂ ಬೇಡ. ಬೆನ್ನು, ಮಂಡಿ ನೋವಿದ್ದರೆ ಡಾಕ್ಟರನ್ನು ಕೇಳಿ, ಕಲಿಸುವವರಿಗೂ ಹೇಳಿ. ಕೈಕಾಲಿನ ಉಗುರು ಕತ್ತರಿಸಿ, ಉಂಗುರ, ಓಲೆ, ಸರ ಮನೆಯಲ್ಲೇ ಬಿಡಿ. ಚಪ್ಪಲಿ ಮ್ಯಾಟಿನ ಅಂಚಿನವರೆಗೆ ಹಾಕಿಕೊಂಡು ಬಂದು ಅಲ್ಲಿ ಬಿಡಬೇಕು, ಬರಿಗಾಲಲ್ಲಿ ಬಚ್ಚಲಿಗೆ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತಿದರೆ ಎಲ್ಲರೂ ಬೈಯುತ್ತಾರೆ. ಮೊದಲ ವಾರ ಬೆನ್ನು ನೋಯುತ್ತದೆ ಅಂತ ಹೆದರಿರುತ್ತೀರಿ. ಅದು ಅಷ್ಟೇನೂ ನೋಯುವುದಿಲ್ಲ. ನೋಯುವುದು ಕತ್ತಿನ ಮುಂಭಾಗ, ಗದ್ದ ಎದೆಗೆ ಒತ್ತಿ ಒತ್ತಿ. ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಲು ಕೈ ಆಸರೆ ಕೊಡಬೇಕಾಗುತ್ತದೆ.